ಗಂಟೆಮನೆಯ ಯಾಕಮ್ಮ

ಅವಳಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಬೇರೆಯೇ ಇದೆ. ಆ ಹೆಸರು ಹಿಡಿದು ಕೂಗಿ ನೋಡಿ, ಅವಳು ತಿರುಗಿಯೂ ನೋಡುವುದಿಲ್ಲ. ಊರಿಗೆಲ್ಲ ಅವಳು ಯಾಕಮ್ಮ. ಬೇರೆ ಕೂಸುಗಳು ಅಪ್ಪ, ಅಮ್ಮ ಎನ್ನುತ್ತ ಮಾತು ಕಲಿತರೆ ಇವಳು ಬಾಯಿ ಬಿಟ್ಟಿದ್ದೇ ‘ಯಾಕೆ’ ಎಂದು. ಅಮ್ಮ ಎನ್ನಲು ಅಮ್ಮ ಇರಲಿಲ್ಲ, ಅದು ಬೇರೆ ಮಾತು; ಅದಕ್ಕೆ ಆಮೇಲೆ ಬರುತ್ತೇನೆ. ಸಾಬೂನು ಕಣ್ಣಿಗೆ ಉರಿಯುತ್ತದೆ, ಕೈಗೆ ಯಾಕೆ ಉರಿಯುವುದಿಲ್ಲ? ಆಕಳಿಕೆ ಒಬ್ಬರಿಂದ ಒಬ್ಬರಿಗೆ ಯಾಕೆ ಹತ್ತುತ್ತದೆ? ಭಾನುವಾರದ ಪಾಠದಲ್ಲಿ ಟೀಚರ್, ಪ್ರಳಯ ಬಂದು ಎಲ್ಲ ಪ್ರಾಣಿಗಳೂ ಮುಳುಗಿಹೋದವು ಎಂದು ಹೇಳುತ್ತಿದ್ದರೆ ಇವಳು ಎದ್ದು ನಿಂತು, “ಮೀನು?” ಎಂದಳು. ಟೀಚರ್ ಒಂದು ಗಳಿಗೆ ಯೋಚಿಸಿ, ಎಲ್ಲ ಮಕ್ಕಳಿಗೂ ಹಾಡು ಹೇಳಿಸಿ ಮನೆಗೆ ಕಳಿಸಿಬಿಟ್ಟರು.

ಅವಳು ಬೆಳೆದದ್ದು ಗಂಟೆಮನೆಯಲ್ಲಿ. ಮನೆ ಎಂದರೆ ಮನೆಯಲ್ಲ, ಚರ್ಚಿನ ಗೋಪುರದ ಬುಡದಲ್ಲಿರುವ ಕಲ್ಲಿನ ಕೋಣೆ. ಚಾವಣಿಯ ನಡುವೆ ಒಂದು ತೂತು, ಆ ತೂತಿನಿಂದ ಇಳಿದು ಬಂದ ಹಗ್ಗ. ಕೈತುಂಬ ಸಿಗುವಷ್ಟು ದಪ್ಪ. ಹಿಡಿಯುವ ಜಾಗದಲ್ಲಿ ಉಣ್ಣೆ ಬಟ್ಟೆ ಸುತ್ತಿ ಹೊಲಿದಿದೆ. ಅವಳ ಅಪ್ಪ ಅಲ್ಲಿ ಗಂಟೆ ಬಾರಿಸುವವರು, ಬೆಂಚು ಒರೆಸುವವರು, ಪಾರಿವಾಳ ಓಡಿಸುವವರು ಎಲ್ಲವೂ. ಪಾರಿವಾಳದ ಕೆಲಸದಲ್ಲಿ ಮಾತ್ರ ಅವರು ಜೀವಮಾನದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ.

ಗಂಟೆ ಬಾರಿಸುವುದೆಂದರೆ ಹಗ್ಗ ಎಳೆದರಾಯಿತು, ಅದರಲ್ಲೇನಿದೆ ಎನ್ನುವವರೇ ಎಲ್ಲರೂ. ದೊಡ್ಡ ಗಂಟೆ ಹಾಗೆ ಒಲಿಯುವುದಿಲ್ಲ. ಮೊದಮೊದಲು ಎಷ್ಟು ಎಳೆದರೂ ಸದ್ದೇ ಬರುವುದಿಲ್ಲ. ಮೇಲೆ ತೊಲೆ ಮಾತ್ರ ಕಿರ್ ಎನ್ನುತ್ತದೆ, ಗಂಟೆ ಆಚೆಗಿಷ್ಟು ಈಚೆಗಿಷ್ಟು ತೂಗುತ್ತದೆ, ಅದರ ನಾಲಗೆ ಇನ್ನೂ ಅಂಚು ಮುಟ್ಟಿರುವುದಿಲ್ಲ. ಹೊರಗಿನವರಿಗೆ ಏನೂ ನಡೆದಿಲ್ಲ, ಒಳಗೆ ಎಲ್ಲ ಶುರುವಾಗಿರುತ್ತದೆ. ಪುಟ್ಟ ಯಾಕಮ್ಮನಿಗೆ ಅಪ್ಪ ಹೇಳಿಕೊಟ್ಟಿದ್ದು ಹೀಗೆ:

“ಗಂಟೆನ ನಾವು ಬಾರಿಸೋದಲ್ಲ ಮಗಾ. ಅದು ತೂಗೋವರೆಗೂ ಜೊತೆ ಕೊಡೋದಷ್ಟೆ. ಹಗ್ಗ ಕೆಳಗೆ ಬಂದಾಗ ಎಳಿ, ಮೇಲೆ ಹೋಗುವಾಗ ಬಿಡು. ಮೇಲೆ ಹೋಗೋ ಹಗ್ಗನ ಗಟ್ಟಿಯಾಗಿ ಹಿಡ್ಕೊಂಡ್ಯೋ, ನಿನ್ನನ್ನೂ ಎತ್ಕೊಂಡು ಹೋಗತ್ತೆ.”

ಸುಳ್ಳಲ್ಲ. ಹಿಂದೊಮ್ಮೆ ಚರ್ಚಿನ ಸಭೆಯ ಹಿರಿಯರೊಬ್ಬರು, ಇದೇನು ಮಹಾ ಎಂದು ಹಗ್ಗ ಹಿಡಿದು, ಒಂದು ಚಪ್ಪಲಿಯನ್ನು ನೆಲದ ಮೇಲೆ ಬಿಟ್ಟು ತಾವು ಮೇಲೆ ಹೋಗಿ ಬಂದರು. ಆ ಭಾನುವಾರ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸಭೆಗೆ ಅದೂ ಒಂದು ಆಶೀರ್ವಾದವೇ.

ಅಪ್ಪನ ಭುಜ ಕೈಕೊಟ್ಟ ಮೇಲೆ ಹಗ್ಗ ಯಾಕಮ್ಮನ ಕೈಗೆ ಬಂತು. ಅಷ್ಟರಲ್ಲಿ ಅವಳಿಗೆ ಮದುವೆಯೂ ಆಗಿತ್ತು. ಗಂಡ ನಲ್ಲಿ ರಿಪೇರಿಯವನು. ಬಂಗಾರದಂಥ ಮನುಷ್ಯ, ಆದರೆ ಕಸುಬು ಕೈಗೆ ಅಂಟಿಬಿಟ್ಟಿತ್ತು. ಏನು ಕಂಡರೂ ಬಿಗಿ ಮಾಡುವುದೇ. ಅವನು ಮುಚ್ಚಿದ ಸಕ್ಕರೆ ಡಬ್ಬಿಯನ್ನು ತೆಗೆಯಲು ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಅವನೇ ಕಟ್ಟಿಕೊಂಡ ಬೂಟಿನ ದಾರ ಬಿಚ್ಚಲು ಅವನಿಗೇ ಆಗದೆ, ಬೂಟು ಹಾಕಿಕೊಂಡೇ ಊಟಕ್ಕೆ ಕೂತದ್ದನ್ನು ನೋಡಿದವರಿದ್ದಾರೆ.

ಮದುವೆಯಾಗಿ ಬಹಳ ಕಾಲ ಮಕ್ಕಳಾಗಲಿಲ್ಲ. ಕೇಳುವವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟರು. ಎಲ್ಲರೂ ಬಿಟ್ಟ ಮೇಲೆ ಬಸಿರು ನಿಂತಿತು. ನಲ್ಲಿಯವನು ಆ ದಿನ ಮನೆಯ ಎಲ್ಲ ನಲ್ಲಿಗಳನ್ನೂ ಖುಷಿಗೆ ಇನ್ನೊಂದು ಸುತ್ತು ತಿರುಗಿಸಿ ಬಿಗಿ ಮಾಡಿದನಂತೆ. ಯಾಕಮ್ಮನಿಗೂ ಖುಷಿಯೇ. ಆದರೆ ಖುಷಿಯ ಕೆಳಗೆ ಒಂದು ಭಯ ಕೂತಿತ್ತು. ಆ ಭಯವನ್ನು ಕೂರಿಸಿದವರು ಅವಳ ಸೋದರತ್ತೆ, ಅಪ್ಪನ ಅಕ್ಕ.

ಈಗ ಅಮ್ಮನ ಮಾತಿಗೆ ಬಂದೆ ನೋಡಿ. ಯಾಕಮ್ಮ ಹುಟ್ಟಿ ವಾರ ತುಂಬುವುದರೊಳಗೆ ಅಮ್ಮ ತೀರಿಕೊಂಡಿದ್ದರು. ಸಾಕಿದ್ದು ಸೋದರತ್ತೆಯೇ, ಹೊಟ್ಟೆಗೆ ಬಟ್ಟೆಗೆ ಏನೂ ಕಡಿಮೆ ಮಾಡಲಿಲ್ಲ, ಮಾತಿಗೂ ಕಡಿಮೆ ಮಾಡಲಿಲ್ಲ. “ನಿನ್ನಮ್ಮನ ಮೈ ಹೆರಿಗೆ ತಡೆಯೋ ಮೈ ಅಲ್ಲ. ಅದು ಗೊತ್ತಾಗೋವಾಗ ಎಲ್ಲಾ ಮುಗಿದಿತ್ತು” ಎನ್ನುವುದು ಅವರ ಪಲ್ಲವಿ. ಬಸಿರಿನ ಸುದ್ದಿ ಕೇಳಿ ಓಡಿ ಬಂದವರು ಹಣೆಗೆ ಮುತ್ತು ಕೊಟ್ಟು, ತಲೆ ಸವರಿ, ಮೇಲಿಂದ ಕೆಳಗೆ ನೋಡಿ, “ಮೈ ಮಾತ್ರ ಥೇಟ್ ಅಮ್ಮಂದೇ” ಎಂದು ನಿಟ್ಟುಸಿರು ಬಿಟ್ಟರು. ಬೇಕೆಂದು ಹೇಳಿದ್ದಲ್ಲ. ಕೆಲವರ ಪ್ರೀತಿಗೆ ಮುಳ್ಳಿರುತ್ತದೆ, ಅವರಿಗೆ ಅದು ಗೊತ್ತೇ ಇರುವುದಿಲ್ಲ.

ಅಪ್ಪನನ್ನು ಕೇಳಿದರೆ? ಅಮ್ಮನ ಮಾತು ಎತ್ತಿದ ಕೂಡಲೇ ಅವರಿಗೆ ಪಾರಿವಾಳದ ನೆನಪಾಗುತ್ತಿತ್ತು. ಕೋಲು ಹಿಡಿದು ಮೆಟ್ಟಿಲು ಹತ್ತಿಬಿಡುತ್ತಿದ್ದರು.

ಹೆದರಿದವರು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾಕಮ್ಮ ಹೆದರಿದರೂ ಯಾಕಮ್ಮನೇ. ಕೇಳತೊಡಗಿದಳು. ಮಗುವಿಗೆ ಕೆಳಗೆ ಯಾವುದು, ಮೇಲೆ ಯಾವುದು ಎಂದು ಹೇಗೆ ತಿಳಿಯುತ್ತದೆ? ಹೊರಡುವ ದಿನ ಬಂತೆಂದು ಯಾರು ಹೇಳುತ್ತಾರೆ, ಮಗುವೋ ತಾಯಿಯೋ? ಹೆರಿಗೆ ಆಸ್ಪತ್ರೆಯ ಡಾಕ್ಟರ್ ತಾಳ್ಮೆಯವರು, ತಿಳಿದದ್ದನ್ನು ಹೇಳಿದರು. ಒಂದೆರಡಕ್ಕೆ, “ಅದು ಪೂರ್ತಿಯಾಗಿ ಇನ್ನೂ ಯಾರಿಗೂ ಗೊತ್ತಿಲ್ಲ” ಎಂದರು. ಆ ಉತ್ತರ ಯಾಕಮ್ಮನಿಗೆ ಎಲ್ಲಕ್ಕಿಂತ ಹಿಡಿಸಿತು. ದೇವರು ತನ್ನ ಹತ್ತಿರ ಒಂದಿಷ್ಟು ಗುಟ್ಟು ಇಟ್ಟುಕೊಂಡಿದ್ದಾನಲ್ಲ ಎಂದು ದಾರಿಯುದ್ದಕ್ಕೂ ನಗುತ್ತ ಬಂದಳು.

ಆದರೆ ದೇವರ ಲೆಕ್ಕದಲ್ಲೇ ಅವಳಿಗೊಂದು ಗಂಟು ಬಿದ್ದಿತ್ತು. ದೇವರು ಮಾಡಿದ್ದೆಲ್ಲ ಒಳ್ಳೆಯದು ಎಂದು ಚಿಕ್ಕಂದಿನಿಂದ ಕೇಳಿದ್ದಾಳೆ. ಹಾಗಾದರೆ ಅಮ್ಮನ ಮೈಯನ್ನು ಮಾಡಿದ್ದೂ ಅವನೇ ತಾನೇ? ತನ್ನ ಮೈಯನ್ನೂ? ಪಾದ್ರಿಗಳನ್ನು ಕೇಳಿದಳು. ಅವರು ಒಳ್ಳೆಯ ಮನುಷ್ಯ, ಕಿವಿ ಕೆಂಪಾಗಿ, “ಇದನ್ನ ನಮ್ಮ ಮನೆಯವರ ಹತ್ತಿರ ಕೇಳಿದ್ರೆ ಒಳ್ಳೇದು” ಎಂದು ಒಳಗೆ ಕಳಿಸಿದರು.

ಪಾದ್ರಿಯಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಮನೆ ತುಂಬ ಮಕ್ಕಳನ್ನು ಹೆತ್ತವರು, ತಂತಿ ತುಂಬ ಅಂಗಿಗಳು. ಒದ್ದೆ ದುಪ್ಪಟಿಯ ಒಂದು ತುದಿಯನ್ನು ಇವಳ ಕೈಗೆ ಕೊಟ್ಟರು, ಇಬ್ಬರೂ ಸೇರಿ ಹಿಂಡುತ್ತ ಮಾತಾಡಿದರು.

“ಅಮ್ಮ, ನಂಬಿಕೆ ಇದ್ರೆ ಡಾಕ್ಟರ್ ಯಾಕೆ? ಡಾಕ್ಟರ್ ಬೇಕು ಅಂದ್ರೆ ನನ್ನ ನಂಬಿಕೆ ಕಡಿಮೆ ಅಂತ ತಾನೆ?”

“ಗೋಪುರದ ಕೆಳಗೆ ನಿಂತು ಅಷ್ಟು ಭಾರದ ಗಂಟೆ ಆಡಿಸ್ತೀಯಲ್ಲ, ತಲೆ ಮೇಲೆ ಬೀಳತ್ತೆ ಅಂತ ಹೆದರಿಕೆ ಇಲ್ವಾ?”

“ಇಲ್ಲ. ಕಟ್ಟಿದವರು ಚೆನ್ನಾಗಿ ಕಟ್ಟಿದ್ದಾರೆ.”

“ಆದ್ರೂ ವರ್ಷ ವರ್ಷ ಬಡಗಿನ ಕರೆಸಿ ತೊಲೆ ತೋರಿಸ್ತಾರಲ್ಲ ನಿಮ್ಮಪ್ಪ? ಅದರಿಂದ ಕಟ್ಟಿದವರಿಗೆ ಅವಮಾನ ಆಯ್ತಾ? ಡಾಕ್ಟರೂ ಹಾಗೇ ಕಣೇ.”

ಯಾಕಮ್ಮ ದುಪ್ಪಟಿಯನ್ನು ಇನ್ನೊಂದು ಸುತ್ತು ಹಿಂಡಿದಳು. ಆಮೇಲೆ, ನೋವು ಬಂದಾಗ ನಿಮಗೆ ದೇವರ ನೆನಪಿತ್ತೇ ಎಂದು ಕೇಳಿದಳು. ಪಾದ್ರಿಯಮ್ಮ ನಕ್ಕುಬಿಟ್ಟರು. ಮೊದಲನೆಯದಕ್ಕೆ ಹಾಡು, ಪ್ರಾರ್ಥನೆ ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದರಂತೆ. ನೋವು ಏರಿದ ಮೇಲೆ ಒಂದು ಸಾಲೂ ಉಳಿಯಲಿಲ್ಲ, ತಮ್ಮ ಹೆಸರೇ ಮರೆತಿತ್ತು. “ನನಗೆ ಅವನ ನೆನಪಿರಲಿಲ್ಲ. ಅವನಿಗೆ ನನ್ನ ನೆನಪಿತ್ತು. ಅಷ್ಟು ಸಾಕಾಯ್ತು” ಎಂದು ದುಪ್ಪಟಿ ಕೊಡವಿದರು. ನೀರು ಇಬ್ಬರ ಮುಖಕ್ಕೂ ಸಿಡಿಯಿತು.

ಅಲ್ಲಿಂದ ಯಾಕಮ್ಮನ ಪ್ರಾರ್ಥನೆ ಚಿಕ್ಕದಾಯಿತು. “ಕರ್ತನೇ, ನೀನು ಮಾಡಿದ್ದು ನಿನಗೆ ಗೊತ್ತು. ನನಗೂ ಸ್ವಲ್ಪ ಗೊತ್ತಾಗಲಿ.” ಇಷ್ಟೇ.

ಗೊತ್ತಾದದ್ದು ಆಸ್ಪತ್ರೆಯ ಸಿಸ್ಟರಮ್ಮನಿಂದ. ಅವರು ಆ ಹೆರಿಗೆ ಆಸ್ಪತ್ರೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು, ಇನ್ನೇನು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಒಂದು ದಿನ ಯಾಕಮ್ಮನ ಹೊಟ್ಟೆ ಮುಟ್ಟಿ ನೋಡುತ್ತ, ಬಸಿರಿನಲ್ಲಿ ಸೊಂಟದ ಕೀಲುಗಳು ತಾವಾಗಿ ಸಡಿಲವಾಗುತ್ತವೆ, ಇಷ್ಟು ವರ್ಷ ಗಟ್ಟಿಯಾಗಿದ್ದ ಎಲುಬು ಮಗುವಿಗೆ ದಾರಿ ಬಿಡಲು ತಯಾರಾಗುತ್ತದೆ ಎಂದು ಹೇಳುತ್ತಿದ್ದರು. ಗರ್ಭದ ಚೀಲ ಹೃದಯದ ಹಾಗೆ. ಎಳಿ ಎಂದರೆ ಎಳೆಯುವುದಿಲ್ಲ, ಬಿಡು ಎಂದರೆ ಬಿಡುವುದಿಲ್ಲ, ಅದರ ಕೆಲಸ ಅದಕ್ಕೆ ಗೊತ್ತು. ಯಾಕಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವಳು ಮೆಲ್ಲಗೆ, “ನನ್ನಮ್ಮನ ಮೈಗೆ ಯಾಕೆ ಗೊತ್ತಿರಲಿಲ್ಲ?” ಎಂದಳು.

ಸಿಸ್ಟರಮ್ಮ ಯಾರು ನಿನ್ನಮ್ಮ ಎಂದು ವಿಚಾರಿಸಿದರು. ಗಂಟೆಯವರ ಹೆಂಡತಿ ಎಂದ ಕೂಡಲೇ ಕೈ ನಿಂತಿತು. ಆಗ ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಅವರು ಒಳಗೆ ನಿಂತು ನೋಡಿದ ಮೊದಮೊದಲ ಹೆರಿಗೆಗಳಲ್ಲಿ ಅದೂ ಒಂದು.

“ಯಾರು ಹೇಳಿದ್ದು ನಿನಗೆ? ಅಷ್ಟು ಚೆನ್ನಾಗಿ ಹೆತ್ತವಳನ್ನ ನಾನು ಆಮೇಲೂ ಕಡಿಮೆ ನೋಡಿದ್ದೇನೆ. ನೀನು ಅಳ್ತಾನೇ ಬಂದೆ, ಅವಳು ನಗ್ತಾನೇ ಎತ್ಕೊಂಡಳು. ಮಾರನೇ ದಿನ ಜ್ವರ ಬಂತು. ಆ ವರ್ಷ ಊರಿಗೆಲ್ಲಾ ಬಂದಿದ್ದ ಜ್ವರ ಅದು, ಹೆರದೇ ಇರೋರನ್ನೂ ಕರ್ಕೊಂಡು ಹೋಯ್ತು, ಗಂಡಸರನ್ನೂ ಕರ್ಕೊಂಡು ಹೋಯ್ತು.” ಸ್ವಲ್ಪ ತಡೆದು ಹೇಳಿದರು, “ಎಲ್ಲಾ ಹೆರಿಗೆನೂ ಸಲೀಸು ಅಂತ ನಾನು ಸುಳ್ಳು ಹೇಳಲ್ಲಮ್ಮ. ತೊಂದರೆ ಆದ್ರೆ ಕೈ ಹಾಕೋಕೆ ನಾವಿದ್ದೀವಿ. ಆದ್ರೆ ನಿನ್ನಮ್ಮನ ಮೈ ಮೇಲೆ ಆ ತಪ್ಪು ಹೊರಿಸ್ಬೇಡ.”

ಯಾಕಮ್ಮ ಮನೆಗೆ ಬಂದವಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳಂತೆ. ಥೇಟ್ ಅಮ್ಮನದೇ ಮೈ ಎಂದಿದ್ದರಲ್ಲ ಸೋದರತ್ತೆ. ಅದೇ ಮಾತು ಈಗ ಬೇರೆ ಥರ ಕೇಳಿಸಿತು.

ಅಪ್ಪನಿಗೂ ಹೇಳಬೇಕೆಂದು ಹೋದಳು. ಆ ಕಾಲದಲ್ಲಿ ಗಂಡಸರನ್ನು ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ. ಅವರು ಹೆಂಡತಿಯನ್ನು ನೋಡುವಾಗ ಆಕೆಗೆ ಮೈಮೇಲೆ ಎಚ್ಚರವಿರಲಿಲ್ಲ. ಹೆರಿಗೆಯೂ ಜ್ವರವೂ ಅವರ ಮನಸ್ಸಿನಲ್ಲಿ ಕಲಸಿಹೋಗಿ ಒಂದೇ ಆಗಿಬಿಟ್ಟಿತ್ತು. ಮಗಳು “ಅಪ್ಪಾ, ಅಮ್ಮ ಹೆರುವಾಗ...” ಎನ್ನುವಷ್ಟರಲ್ಲಿ ಅವರು ಕೋಲು ಹುಡುಕತೊಡಗಿದರು. ಅವಳು ಬಿಟ್ಟಳು.

ಇನ್ನು ಹಗ್ಗ ಎಳೆಯುವುದು ಸಾಕು ಎಂದು ಡಾಕ್ಟರ್ ಹೇಳಿದ ಮೇಲೆ ಗಂಟೆ ಯಾರಿಗೆ? ನಲ್ಲಿಯವನಿಗೆ. ಯಾಕಮ್ಮ ಗಂಟೆಮನೆಯಲ್ಲಿ ಸ್ಟೂಲು ಹಾಕಿಕೊಂಡು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಪಾಠ ಶುರು ಮಾಡಿದಳು. ಅವನು ಹಗ್ಗ ಹಿಡಿದದ್ದೇ, ಪೈಪು ಹಿಡಿದ ಹಾಗೆ ಹಿಡಿದ. “ರೀ, ಬಿಡ್ರಿ, ಮೇಲೆ ಹೋಗ್ತಿದೆ, ಬಿಡ್ರಿ” ಎನ್ನುತ್ತಲೇ ಇದ್ದಳು. ಬಿಡುವುದೆಂದರೇನು ಎಂದು ಆ ಕೈಗೆ ಯಾರೂ ಕಲಿಸಿರಲಿಲ್ಲ. ಹಗ್ಗದ ಜೊತೆ ಕಾಲ್ಬೆರಳ ತುದಿಯ ಮೇಲೆ ಎದ್ದು, ಅಂಗೈ ಉಜ್ಜಿಸಿಕೊಂಡು, ಅದಕ್ಕೆ ಉಫ್ ಎಂದು ಊದಿಕೊಳ್ಳುತ್ತ ಕೂತ. ಗಂಟೆಯೋ, ಕುಂಟುವ ಕುದುರೆಯ ಹಾಗೆ ಎಲ್ಲೆಲ್ಲೋ ಬಡಿಯಿತು. ಬೀದಿಯವರು ಸಾವಿನ ಗಂಟೆಯೆಂದುಕೊಂಡು, ಯಾರು ಹೋದರು ಎಂದು ಕೇಳಲು ಬಂದರು. ವಾರ ವಾರ ಕಲಿಸಿ ಕಲಿಸಿ ಕೊನೆಗೆ ಒಂದು ಹದಕ್ಕೆ ಬಂದ. ನಿಲ್ಲಿಸುವ ಪಾಠವೊಂದು ಬಾಕಿಯಿತ್ತು. ನಿಲ್ಲಿಸುವುದು ಶುರು ಮಾಡುವುದಕ್ಕಿಂತ ಕಷ್ಟ, ಜಗ್ಗಿ ನಿಲ್ಲಿಸುವಂತಿಲ್ಲ. ಅದಿನ್ನು ಮುಂದಿನ ವಾರ ಎಂದಿದ್ದಳು ಯಾಕಮ್ಮ. ಮಗು ಅವಸರ ಮಾಡಿತು.

ಭಾನುವಾರ ಬೆಳಕು ಹರಿಯುವಾಗ ನೋವು ಕಾಣಿಸಿತು. ಮೊದಲು ಹೌದೋ ಅಲ್ಲವೋ ಎನ್ನುವಂಥದು. ಹೊಟ್ಟೆ ಗಟ್ಟಿಯಾಗುವುದು, ಬಿಡುವುದು. ಯಾಕಮ್ಮ ಮಂಚದ ಮೇಲೆ ಕೂತು ಅದನ್ನೇ ಗಮನಿಸುತ್ತ, “ತೂಗ್ತಾ ಇದೆ, ನಾಲಗೆ ಇನ್ನೂ ಮುಟ್ಟಿಲ್ಲ” ಎಂದಳು. ನಲ್ಲಿಯವನಿಗೆ ಏನೂ ಅರ್ಥವಾಗಲಿಲ್ಲ, ಓಡಿಹೋಗಿ ಗಾಡಿ ತಂದ. ಹೆರಿಗೆ ಆಸ್ಪತ್ರೆ ಚರ್ಚಿನಿಂದ ಒಂದು ಬೀದಿಯಾಚೆ. ಅಪ್ಪನೂ ಹಿಂದೆಯೇ ಬಂದು, ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಗೋಡೆ ನೋಡುತ್ತ ಕೂತರು. ಅವರ ಮುಖ ಅದೇ ಗೋಡೆಯ ಬಣ್ಣಕ್ಕೆ ತಿರುಗಿತ್ತು.

ಆರಾಧನೆಯ ಹೊತ್ತು ಹತ್ತಿರವಾದರೂ ನಲ್ಲಿಯವನು ಬಾಗಿಲಲ್ಲೇ ನಿಂತಿದ್ದ. ಯಾಕಮ್ಮ ಒಂದು ನೋವು ಮುಗಿಸಿ ಉಸಿರು ತೆಗೆದುಕೊಂಡು, “ಹೋಗಿ ಗಂಟೆ ಬಾರಿಸಿ ಬನ್ನಿ. ಹೆರೋದು ನಾನು, ನೀವಿಲ್ಲಿ ನಿಂತು ಏನು ಹೆರ್ತೀರಿ?” ಎಂದಳು. ಸಿಸ್ಟರಮ್ಮ ನಗು ತಡೆಯಲು ತಟ್ಟೆ ಜೋಡಿಸತೊಡಗಿದರು. ಅವನು ಹೋದ.

ಅವನು ಹೋದ ಮೇಲೆ ನೋವು ನಿಜವಾಗಿ ಏರಿತು. ಅಲ್ಲಿಯವರೆಗೆ ಗಮನಿಸುತ್ತ, ಕೇಳುತ್ತ ಇದ್ದ ಯಾಕಮ್ಮ ಈಗ ಹೆದರಿದಳು. ಕಲಿತದ್ದೆಲ್ಲ ಹೋಯಿತು. ಪಾದ್ರಿಯಮ್ಮನ ಬಡಗಿ ಹೋದ, ಸಡಿಲವಾಗುವ ಕೀಲು ಹೋಯಿತು. ಸೋದರತ್ತೆಯ ಮಾತೊಂದೇ ಉಳಿಯಿತು, ಹೆರಿಗೆ ತಡೆಯೋ ಮೈ ಅಲ್ಲ. ಮಂಚದ ಕಂಬಿಯನ್ನು ಗೆಣ್ಣು ಬೆಳ್ಳಗಾಗುವ ಹಾಗೆ ಹಿಡಿದಳು, ಹಲ್ಲು ಕಚ್ಚಿದಳು, ಉಸಿರು ಕಟ್ಟಿದಳು. ಸಿಸ್ಟರಮ್ಮ ಉಸಿರು ಬಿಡು ಎಂದು ಹೇಳುತ್ತಲೇ ಇದ್ದರು. ಡಾಕ್ಟರ್ ಬಂದು ಮಗುವಿನ ಎದೆಬಡಿತ ಕೇಳಿ, ಮಗು ಗಟ್ಟಿಯಾಗಿದೆ, ತಾಯಿಯೇ ತಡೆದು ಹಿಡಿಯುತ್ತಿದ್ದಾಳೆ ಎಂದರು.

ಆಗ ಗಂಟೆ ಶುರುವಾಯಿತು.

ಶುರುವಾಯಿತು ಎನ್ನಬೇಕೋ ಎಡವಿತು ಎನ್ನಬೇಕೋ. ಒಂದು ಬಡಿತ ಬಂತು, ಇನ್ನೊಂದು ಬರಲೇ ಇಲ್ಲ, ಆಮೇಲೆ ಎರಡು ಒಟ್ಟಿಗೇ ಬಂದವು. ಕಲಿತದ್ದನ್ನೆಲ್ಲ ಭಯದಲ್ಲಿ ಮರೆತು ಅವನು ಹಗ್ಗವನ್ನು ಮತ್ತೆ ಪೈಪಿನ ಹಾಗೆ ಹಿಡಿದಿದ್ದ. ಇಷ್ಟು ದೂರದಿಂದಲೂ ಯಾಕಮ್ಮನಿಗೆ ಅವನ ಬಿಗಿದ ಬೆರಳುಗಳು ಕಣ್ಣಿಗೆ ಕಟ್ಟಿದವು. ನೋವಿನ ನಡುವೆಯೇ ಕೋಪ ಬಂತು.

“ಅಯ್ಯೋ, ಹಗ್ಗ ಬಿಡಿ ಅಂತ ಹೇಳಿ ಯಾರಾದ್ರೂ ಅವರಿಗೆ. ಹೆದರ್ಕೊಂಡು ಹಿಡ್ಕೊಂಡಿದ್ದಾರೆ. ಅದು ಮೇಲೆ ಹೋಗಬೇಕು, ಬಿಡಬೇಕು...”

ಮಾತು ಅಲ್ಲಿಗೇ ನಿಂತಿತು. ಕಣ್ಣು ತನ್ನ ಕೈಯ ಮೇಲೆ ಬಿದ್ದಿತ್ತು. ಕಂಬಿ ಹಿಡಿದ ಕೈ. ಕೈ, ದವಡೆ, ಭುಜ, ತೊಡೆ, ಎಲ್ಲವೂ ನಲ್ಲಿಯವನ ಕೈಯೇ ಆಗಿತ್ತು.

ಅವಳಿಗೆ ನಗು ಬಂತಂತೆ. ಆ ನೋವಿನಲ್ಲಿ ಹೇಗೆ ಬಂತು ಎಂದು ಇವತ್ತಿಗೂ ಅವಳೇ ಕೇಳುತ್ತಾಳೆ. ನಕ್ಕ ಕೂಡಲೇ ಕಟ್ಟಿದ್ದ ಉಸಿರು ಹೊರಗೆ ಹೋಯಿತು, ಬೆರಳು ಬಿಚ್ಚಿತು. ಮುಂದಿನ ನೋವು ಬಂತು. ಅದನ್ನು ಬರಲು ಬಿಟ್ಟಳು, ಏರಲು ಬಿಟ್ಟಳು. ನೋವು ಕಡಿಮೆಯೇನೂ ಆಗಲಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದು ಎತ್ತಿಕೊಂಡು ಹೋಗಿ ಬಿಸಾಡಲಿಲ್ಲ. ಮೇಲೆ ಹೋಯಿತು, ಇಳಿಯಿತು, ನಡುವೆ ಸುಮ್ಮನಿರಲು ಜಾಗ ಕೊಟ್ಟಿತು. ಆ ಜಾಗದಲ್ಲಿ ಅವಳು “ಕರ್ತನೇ” ಎಂದಳು. ಪ್ರಾರ್ಥನೆ ಅಷ್ಟಕ್ಕೇ ಮುಗಿಯಿತು. ಅಲ್ಲಿ ಗಂಟೆಯೂ ಒಂದು ಹದಕ್ಕೆ ಬಂದಿತ್ತು.

ಹದಕ್ಕೆ ಬಂದದ್ದು ನಿಲ್ಲಲೇ ಇಲ್ಲ. ನಿಲ್ಲಿಸುವ ಪಾಠ ಆಗಿರಲಿಲ್ಲವಲ್ಲ. ಸಭೆಯವರೆಲ್ಲ ಬಂದು ಬೆಂಚು ತುಂಬಿ, ಪಾದ್ರಿಗಳು ಹಾಡಿನ ಪುಟ ತೆರೆದುಕೊಂಡು ಕಾದು ನಿಂತರೂ ಗಂಟೆ ಬಾರಿಸುತ್ತಲೇ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ಎರಡು ಸಲ ಎದ್ದರು. ಜೀವಮಾನವಿಡೀ ಆ ಗಂಟೆಗೆ ದುಡಿದವರು, ಅದು ಹೀಗೆ ಬಡಿದುಕೊಳ್ಳುವುದನ್ನು ಕೇಳಿ ಕೂರುವುದೆಂದರೇನು? ಯಾಕಮ್ಮ ಹುಟ್ಟುವಾಗ ಅವರು ಗಂಟೆಮನೆಯಲ್ಲೇ ಇದ್ದರು. ಅಂದು ಯಾರದೋ ಮದುವೆ, ಗಂಟೆ ಬಾರಿಸಬೇಕಿತ್ತು. ಎರಡನೆಯ ಸಲ ಎದ್ದವರು ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕೂತರು. “ನಿಲ್ಲೋವಾಗ ನಿಲ್ಲತ್ತೆ ಬಿಡು” ಎಂದು ತಮಗೆ ತಾವೇ ಹೇಳಿಕೊಂಡದ್ದನ್ನು ನೆಲ ಒರೆಸುವವಳು ಕೇಳಿಸಿಕೊಂಡಿದ್ದಾಳೆ.

ಗಂಟೆ ಇನ್ನೂ ತೂಗುತ್ತಿರುವಾಗಲೇ ಮಗು ಬಂತು. ಹೆಣ್ಣು. ಅತ್ತ ದನಿ ಗಂಟೆಯನ್ನೂ ಮೀರಿಸಿತು.

ಬಹಳ ಹೊತ್ತಿನ ಮೇಲೆ ನಲ್ಲಿಯವನು ಅಂಗೈ ಎರಡೂ ಬೊಬ್ಬೆ ಎಬ್ಬಿಸಿಕೊಂಡು ಬಂದ. ಹೇಗೆ ನಿಲ್ಲಿಸಿದಿರಿ ಎಂಬುದೇ ಯಾಕಮ್ಮನ ಮೊದಲ ಪ್ರಶ್ನೆ. “ನಾನೆಲ್ಲಿ ನಿಲ್ಲಿಸಿದೆ? ಕೈ ಉರಿ ತಡೀಲಾರದೆ ಬಿಟ್ಟೆ. ಅದೇ ತೂಗಿ ತೂಗಿ ನಿಂತ್ಕೊಂಡಿತು” ಎಂದ. ಮಗುವನ್ನು ಎತ್ತಿಕೊಳ್ಳಲು ಅವನಿಗೆ ಬೆರಳು ಮಡಚಲಾಗುತ್ತಿರಲಿಲ್ಲ. ಎರಡು ಅಂಗೈಗಳನ್ನೂ ತೆರೆದು ಚಾಚಿದ, ಸಿಸ್ಟರಮ್ಮ ಅದರ ಮೇಲೆ ಮಗುವನ್ನು ಮಲಗಿಸಿದರು. ಏನನ್ನಾದರೂ ಬಿಗಿ ಹಿಡಿಯದೆ ಹಿಡಿದದ್ದು ಅವನು ಅದೇ ಮೊದಲು.

ಅಪ್ಪ ಒಳಗೆ ಬಂದು ಗೋಡೆಗೆ ಆತು ನಿಂತರು. ಮಗಳು ದಿಂಬಿಗೆ ಒರಗಿ ಕೂತು, ಬೆವರಿನ ಮುಖದಲ್ಲಿ ನಗುತ್ತಿದ್ದುದನ್ನು ನೋಡಿದರು. ನೋಡಿಯೇ ನೋಡಿದರು. ಎಂದೂ ಏನನ್ನೂ ಕೇಳದ ಮನುಷ್ಯ ಆಗ ಸಿಸ್ಟರಮ್ಮನ ಕಡೆ ತಿರುಗಿದರು.

“ಇವಳಮ್ಮ... ಅವಳೂ ಹೀಗೇ ಇದ್ದಳಾ? ಹೆತ್ತ ಮೇಲೆ?”

“ಹೀಗೇ ಇದ್ದಳು” ಎಂದರು ಸಿಸ್ಟರಮ್ಮ. “ಇವಳನ್ನ ಎದೆ ಮೇಲೆ ಹಾಕ್ಕೊಂಡು ನಗ್ತಾ ಇದ್ದಳು. ಆಗ ನಿಮ್ಮ ಗಂಟೆ ಕೇಳಿಸ್ತು. ‘ಇವತ್ತು ಇವರು ತಡ ಮಾಡಿದ್ರು, ಹೆದರಿರಬೇಕು ಪಾಪ’ ಅಂದಳು.”

ಅಪ್ಪ ಈಗ ಕೋಲು ಹುಡುಕುತ್ತಾರೇನೋ ಎಂದು ಯಾಕಮ್ಮ ಕಾದಳು. ಅವರು ಹುಡುಕಲಿಲ್ಲ.

“ತಡ ಆಗಿರಲಿಲ್ಲ” ಎಂದರು. “ಆಸ್ಪತ್ರೆ ಗಡಿಯಾರ ಮುಂದಿತ್ತು.”

ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಮೊಮ್ಮಗಳ ಅಂಗಾಲು ಹಿಡಿದುಕೊಂಡು, ಅಮ್ಮನ ಬಗ್ಗೆ ಹೇಳತೊಡಗಿದರು. ಅವಳು ಎಂದೂ ಹಾಗೇ, ನನ್ನ ಗಂಟೆಯಲ್ಲಿ ತಪ್ಪು ಹುಡುಕದೆ ಇದ್ದ ದಿನವಿಲ್ಲ ಎಂದು ಶುರು ಮಾಡಿದರು. ಯಾಕಮ್ಮ ನಡುವೆ ನಡುವೆ “ಯಾಕೆ?” ಎಂದು ಕೇಳುತ್ತಲೇ ಹೋದಳು. ಅಪ್ಪ ಒಂದೊಂದಕ್ಕೂ ಉತ್ತರ ಹೇಳುತ್ತಲೇ ಹೋದರು.